ಕಲ್ಲಿನ ಪುಡಿ, ಕಡಲ ಉಪ್ಪು: ಮಣ್ಣಿಗೆ ಸಿಗುವುದೆಷ್ಟು?

ಅಡಿಕೆ ಕೊಯ್ಲು ಮುಗಿದು ಮನೆಯಲ್ಲಿ ನಾಲ್ಕು ಕಾಸು ಕಾಣುವ ಹೊತ್ತಿಗೆ ಹಳ್ಳಿಗೆ ಬಂದು ಹೋಗುವವರ ಸಂಖ್ಯೆಯೂ ಹೆಚ್ಚುತ್ತದೆ. ಪಾತ್ರೆ ಮಾರುವವರು, ವಿಮೆಯವರು, ಗೊಬ್ಬರದವರು. ಈಚೆಗೆ ಈ ಸಾಲಿಗೆ ಇನ್ನೊಂದು ಬಗೆಯ ವ್ಯಾಪಾರಿಗಳು ಸೇರಿದ್ದಾರೆ. ಇವರ ಚೀಲದಲ್ಲಿ ಎರಡು ಸರಕು. ಒಂದು, ಬೂದು ಬಣ್ಣದ ನುಣ್ಣನೆಯ ಕಲ್ಲಿನ ಪುಡಿ. ಇನ್ನೊಂದು, ಬೆಳ್ಳಗೆ ಹರಳುಹರಳಾಗಿರುವ ಕಡಲ ಖನಿಜ. "ನಿಮ್ಮ ಮಣ್ಣಿನಲ್ಲಿದ್ದ ಖನಿಜವೆಲ್ಲ ಮಳೆಯಲ್ಲಿ ತೊಳೆದು ಸಮುದ್ರ ಸೇರಿದೆ. ಕಲ್ಲಿನಿಂದ ಹೊಸದಾಗಿ ಕೊಡಿ, ಇಲ್ಲವೇ ಸಮುದ್ರದಿಂದಲೇ ವಾಪಸು ತನ್ನಿ" ಎನ್ನುವುದು ಅವರ ಮಾತಿನ ಸಾರ.

ಈ ಮಾತು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೂ ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ನಮ್ಮ ರೈತರು ಒಂದು ಲೋಟ ಮಜ್ಜಿಗೆ ಕೊಟ್ಟು ನಕ್ಕು ಕಳಿಸುತ್ತಿದ್ದರು. ಅರ್ಧ ಸತ್ಯವಾದ್ದರಿಂದ ಓದಿದವರೂ ಕೈ ಹಾಕುತ್ತಾರೆ.

ಚನ್ನಗಿರಿ ಕಡೆಯ ನನ್ನ ನೆಂಟರೊಬ್ಬರು ಹಾಗೆಯೇ ಕೈ ಹಾಕಿದರು. ಸೊಸೈಟಿಯಲ್ಲಿ ಎತ್ತಿದ ಬೆಳೆಸಾಲದ ಒಂದು ಪಾಲು ಕಡಲ ಖನಿಜದ ಚೀಲಗಳಿಗೆ ಹೋಯಿತು. ಅವರದು ಕೊಳವೆಬಾವಿ ನೀರಿನ ಅಡಿಕೆ ತೋಟ, ಮಳೆಯೂ ನಮ್ಮಷ್ಟಿಲ್ಲ. ಎರಡು ವರ್ಷ ಮರದ ಬುಡಬುಡಕ್ಕೆ ತಪ್ಪದೆ ಹಾಕಿದರು. ಎರಡನೆಯ ಬೇಸಿಗೆಯಲ್ಲಿ ಸೋಗೆಯ ತುದಿಗಳು ಬೆಂಕಿ ತಾಗಿದಂತೆ ಒಣಗತೊಡಗಿದವು, ಎಳೆ ಕಾಯಿ ಉದುರಿತು. ಮಣ್ಣು ಪರೀಕ್ಷೆ ಮಾಡಿಸಿದರೆ ಲವಣಾಂಶ ಏರಿತ್ತು. ಮಾರಿದವರು ಮತ್ತೆ ಆ ಊರ ಕಡೆ ತಲೆ ಹಾಕಲಿಲ್ಲ. ಸಾಲದ ಕಂತು ಮಾತ್ರ ಸಮಯಕ್ಕೆ ಸರಿಯಾಗಿ ಬಂತು. ಆ ತೋಟವನ್ನು ಕಣ್ಣಾರೆ ನೋಡಿ ಬಂದ ಮೇಲೆ ಇದನ್ನು ಬರೆಯಬೇಕೆನಿಸಿತು.

ನಾನು ಕಲ್ಲುಪುಡಿಯ ವಿರೋಧಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮಣ್ಣು ಹುಟ್ಟಿದ್ದೇ ಕಲ್ಲಿನಿಂದ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಎರೆಮಣ್ಣು ಒಂದು ಕಾಲಕ್ಕೆ ಭೂಮಿಯ ಒಳಗಿನಿಂದ ಉಕ್ಕಿ ಹರಿದ ಲಾವಾರಸದ ಕಪ್ಪು ಕಲ್ಲು ಸವೆದು ಆದದ್ದು. ಆ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಕೋಲಾರ, ತುಮಕೂರು, ಮಂಡ್ಯದ ಕೆಂಪು ಮಣ್ಣು ಗ್ರಾನೈಟ್ ಜಾತಿಯ ಬಿಳಿಗಲ್ಲಿನ ಮಗು. ನಮ್ಮ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣೂ ಕಲ್ಲಿನದೇ, ಆದರೆ ಮಳೆ ಅದನ್ನು ತೊಳೆದು ತೊಳೆದು ಸಾರ ಹೀರಿಬಿಟ್ಟಿದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅಷ್ಟು ನೀರು ಸಾವಿರಾರು ವರ್ಷ ಇಳಿದ ನೆಲದಲ್ಲಿ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಕರಗಿ ಹೊಳೆ ಸೇರುತ್ತವೆ. ಕರಗದ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಮಣ್ಣು ಕೆಂಪಾಗಿಯೂ ಹುಳಿಯಾಗಿಯೂ ಇರುವುದು ಅದರಿಂದಲೇ. ಹೀಗಾಗಿ ವ್ಯಾಪಾರಿ ಹೇಳುವ "ಖನಿಜ ತೊಳೆದುಹೋಗಿದೆ" ಎಂಬ ಮಾತು ತೀರ್ಥಹಳ್ಳಿಗೆ ಸಲ್ಲುತ್ತದೆ, ಪುತ್ತೂರಿಗೆ ಸಲ್ಲುತ್ತದೆ. ಅದೇ ಮಾತನ್ನು ಇಂಡಿ, ಸಿಂದಗಿಯ ಎರೆಹೊಲದಲ್ಲಿ ನಿಂತು ಹೇಳಿದರೆ ಸಲ್ಲುವುದಿಲ್ಲ. ಅಲ್ಲಿಯ ಮಣ್ಣೇ ಪುಡಿಯಾದ ಬಸಾಲ್ಟ್. ಸುಣ್ಣ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕಲ್ಲಿನಲ್ಲಿ ಖನಿಜ ಇರುವುದು ನಿಜ. ಬೇರಿಗೆ ಸಿಗುವುದೆಷ್ಟು?

ಈ ಪ್ರಶ್ನೆಗೆ ದೊಡ್ಡ ದೊಡ್ಡವರೇ ಎಡವಿದ್ದಾರೆ. ಜರ್ಮನಿಯ ಲೀಬಿಗ್ ಎಂಬ ರಸಾಯನ ವಿಜ್ಞಾನಿಯ ಹೆಸರನ್ನು ಕೃಷಿ ಓದಿದವರು ಕೇಳಿರುತ್ತಾರೆ. ಗಿಡ ಬೆಳೆಯಲು ಮಣ್ಣಿನ ಖನಿಜಗಳು ಬೇಕು ಎಂಬುದನ್ನು 1840ರಲ್ಲಿ ಪುಸ್ತಕ ಬರೆದು ಜಗತ್ತಿಗೆ ಸಾರಿದವನು ಆತ. ಕೆಲವು ವರ್ಷಗಳ ನಂತರ ತಾನೇ ಒಂದು ಗೊಬ್ಬರ ತಯಾರಿಸಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಿಟ್ಟ. ಪೊಟ್ಯಾಷ್ ಮತ್ತು ರಂಜಕ ಮಳೆಯಲ್ಲಿ ತೊಳೆದುಹೋದೀತೆಂದು ಹೆದರಿ, ಸುಣ್ಣದ ಜೊತೆ ಕುಲುಮೆಯಲ್ಲಿ ಕರಗಿಸಿ ಗಟ್ಟಿ ಮಾಡಿಸಿದ್ದ. ಗೊಬ್ಬರದೊಳಗೆ ಬೇಕಾದ್ದೆಲ್ಲ ಇತ್ತು, ಆದರೆ ನೀರಿನಲ್ಲಿ ಕರಗಲಿಲ್ಲ. ಬೆಳೆ ಅದನ್ನು ಮುಟ್ಟಲಿಲ್ಲ, ವ್ಯಾಪಾರ ಮುಳುಗಿತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಲಾವೆಸ್ ಎಂಬಾತ ಅದಕ್ಕೆ ವಿರುದ್ಧವಾದ ದಾರಿ ಹಿಡಿದ. ಕರಗದ ರಂಜಕಕ್ಕೆ ಗಂಧಕಾಮ್ಲ ಹಾಕಿ ಕರಗುವಂತೆ ಮಾಡಿ 1842ರಲ್ಲಿ ಹಕ್ಕುಪತ್ರ ಪಡೆದ. ನಾವು ಇಂದಿಗೂ ಸೂಪರ್ ಫಾಸ್ಫೇಟ್ ಎಂದು ಕೊಳ್ಳುತ್ತಿರುವುದು ಅದನ್ನೇ.

ಕಲ್ಲಿನ ಪುಡಿಯನ್ನೇ ಗೊಬ್ಬರವೆಂದು ಸಾರಿದವರೂ ಆಗಲೇ ಹುಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೂಲಿಯಸ್ ಹೆನ್ಸೆಲ್ ಎಂಬ ಜರ್ಮನ್ ಗೃಹಸ್ಥ ಕಲ್ಲಿನಿಂದ ರೊಟ್ಟಿ ಬರುತ್ತದೆ ಎಂಬರ್ಥದ ಹೆಸರಿನ ಪುಸ್ತಕವನ್ನೇ ಬರೆದ. ಆಮೇಲೆ ಅಮೆರಿಕದಲ್ಲಿ ಮೇನಾರ್ಡ್ ಮರ್ರೆ ಎಂಬ ವೈದ್ಯ 1976ರಲ್ಲಿ ಸಮುದ್ರದ ಖನಿಜಗಳ ಬಗ್ಗೆ, ಜಾನ್ ಹ್ಯಾಮೇಕರ್ ಎಂಬ ಇಂಜಿನಿಯರ್ 1982ರಲ್ಲಿ ಕಲ್ಲುಪುಡಿಯ ಬಗ್ಗೆ ಪುಸ್ತಕ ಹೊರತಂದರು. ಇಂದು ಚೀಲ ಹೊತ್ತು ಬರುವವರ ಮಾತುಗಳ ಬೇರು ಬಹುಪಾಲು ಇವರ ಬರಹಗಳಲ್ಲಿದೆ. ನಂಬಿಕೆಯಿಂದ ಬರೆದವರೇ ಇರಬಹುದು. ನಂಬಿಕೆಯಿಂದ ಮರದ ಹೊಟ್ಟೆ ತುಂಬುವುದಿಲ್ಲವಷ್ಟೆ.

ಒಂದು ಲೆಕ್ಕ ಮಾಡಿ ನೋಡೋಣ. ವಾಚನಾಲಯದಲ್ಲಿ ಕೂತವರು ಪೆನ್ಸಿಲ್ ಹಿಡಿದೇ ಮಾಡಬಹುದು. ಫಲ ಬಿಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ನಮಗೆಲ್ಲ ಬಾಯಿಪಾಠವಾದ ಶಿಫಾರಸು. ಗ್ರಾನೈಟ್ ಕಲ್ಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಪೊಟ್ಯಾಷ್ ಇರುತ್ತದೆ. ಅಂದರೆ ಮೂರೂವರೆ ಕಿಲೋ ಪುಡಿಯಲ್ಲಿ 140 ಗ್ರಾಂ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ವ್ಯಾಪಾರಿ ತನ್ನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾನೆ.

ನಾವು ಮುಂದುವರಿಸಬೇಕು. ಗ್ರಾನೈಟಿನ ಪೊಟ್ಯಾಷ್ ಬಹುಪಾಲು ಫೆಲ್ಡ್‌ಸ್ಪಾರ್ ಎಂಬ ಗಟ್ಟಿ ಹರಳಿನೊಳಗೆ ಬೀಗ ಹಾಕಿ ಕೂತಿರುತ್ತದೆ. ಅದು ಬೀಗ ತೆಗೆಯುವುದು ಬಲು ನಿಧಾನ. ಉದಾರವಾಗಿ, ವರ್ಷಕ್ಕೆ ನೂರರಲ್ಲಿ ಎರಡು ಪಾಲು ಬಿಟ್ಟುಕೊಡುತ್ತದೆಂದೇ ಇಟ್ಟುಕೊಳ್ಳಿ. ಆಗ ಮರಕ್ಕೆ ಬೇಕಾದ 140 ಗ್ರಾಂ ಆ ವರ್ಷವೇ ಸಿಗಬೇಕಾದರೆ ಮೂರೂವರೆ ಕಿಲೋ ಅಲ್ಲ, 175 ಕಿಲೋ ಪುಡಿ ಬೇಕು. ಎಕರೆಗೆ 550 ಮರ ಎಂದರೆ 96 ಟನ್. ಹತ್ತು ಟನ್ನಿನ ಟಿಪ್ಪರಿನಲ್ಲಿ ಹತ್ತು ಲೋಡು. ಅದೇ 140 ಗ್ರಾಂ ಪೊಟ್ಯಾಷ್ ನಾವು ಅಂಗಡಿಯಲ್ಲಿ ಕೊಳ್ಳುವ ಮ್ಯೂರಿಯೇಟ್ ಆಫ್ ಪೊಟ್ಯಾಷಿನ ಕಾಲು ಕಿಲೋದೊಳಗೆ ಇದೆ. ಈಗ ಹೇಳಿ, ಮರಕ್ಕೆ ಒಂದೊಂದು ಹಿಡಿ ಎಂದು ಚೀಟಿಯಲ್ಲಿ ಬರೆದ ಐದು ಕಿಲೋ ಪೊಟ್ಟಣದಿಂದ ಏನಾದೀತು?

ಕಲ್ಲುಪುಡಿಯಿಂದ ಏನೂ ಆಗುವುದಿಲ್ಲವೇ ಹಾಗಾದರೆ? ಆಗುತ್ತದೆ. ಕಲ್ಲು ಯಾವುದು, ಎಷ್ಟು ನುಣ್ಣಗೆ, ಎಷ್ಟು ಪ್ರಮಾಣ, ಎಂಥ ಮಣ್ಣಿಗೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಹುಳಿ ಮಣ್ಣು, ಹೆಚ್ಚು ಮಳೆ, ಸೆಕೆ, ಇವಿದ್ದಲ್ಲಿ ಕಲ್ಲು ಬೇಗ ಕರಗುತ್ತದೆ. ಗ್ರಾನೈಟಿಗಿಂತ ಬಸಾಲ್ಟ್ ಜಾತಿಯ ಕಪ್ಪು ಕಲ್ಲು ಬೇಗ ಕರಗುತ್ತದೆ, ಅದರಲ್ಲಿ ಸುಣ್ಣ ಮತ್ತು ಮೆಗ್ನೀಷಿಯಂ ಹೆಚ್ಚು. ಮಾರಿಷಸ್ ದ್ವೀಪದಲ್ಲಿ ಮಳೆಗೆ ತೊಳೆದುಹೋದ ಹಳೆಯ ಮಣ್ಣಿನ ಕಬ್ಬಿನ ಗದ್ದೆಗಳಿಗೆ ಬಸಾಲ್ಟ್ ಪುಡಿ ಹಾಕಿ ಇಳುವರಿ ಹೆಚ್ಚಿಸಿದ ಪ್ರಯೋಗದ ವರದಿ 1961ರಲ್ಲೇ ಪ್ರಕಟವಾಗಿದೆ. ಅಲ್ಲಿ ಹಾಕಿದ್ದು ಹೆಕ್ಟೇರಿಗೆ ನೂರು ಟನ್ನಿಗೂ ಮೀರಿ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯ ಹೊಲಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 50 ಟನ್ನಿನಂತೆ ನಾಲ್ಕು ವರ್ಷ ಬಸಾಲ್ಟ್ ಪುಡಿ ಹರಡಿ ಮಾಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಇಳುವರಿ ನೂರಕ್ಕೆ 12ರಿಂದ 16ರಷ್ಟು ಏರಿತ್ತು. ಒಳ್ಳೆಯ ಸುದ್ದಿಯೇ. ಆದರೆ 50 ಟನ್ ಎಂದರೆ ನಮ್ಮ ಎಕರೆ ಲೆಕ್ಕದಲ್ಲಿ ವರ್ಷಕ್ಕೆ 20 ಟನ್, ಎರಡು ಟಿಪ್ಪರು ಲೋಡು. ಕ್ರಷರ್ ಪಕ್ಕದ ಹೊಲದವನಿಗೆ ಇದು ಆದೀತು. ಮೂವತ್ತು ಮೈಲಿ ದೂರದಿಂದ ಬಾಡಿಗೆ ಕೊಟ್ಟು ತರಿಸಿ, ರಸ್ತೆಯಿಂದ ತೋಟಕ್ಕೆ ಬುಟ್ಟಿಯಲ್ಲಿ ಹೊರಿಸಿ ಹಾಕುವವನಿಗೆ ಪುಡಿಗಿಂತ ಬಾಡಿಗೆ ಭಾರ, ಬಾಡಿಗೆಗಿಂತ ಆಳಿನ ಕೂಲಿ ಭಾರ.

ಬ್ರೆಜಿಲ್ ದೇಶದವರು ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2013ರಲ್ಲಿ ಕಾನೂನು ತಿದ್ದಿ ಕಲ್ಲುಪುಡಿಯನ್ನು ಕೃಷಿ ಸಾಮಗ್ರಿಗಳ ಪಟ್ಟಿಗೆ ಸೇರಿಸಿದರು. 2016ರಲ್ಲಿ ಅದಕ್ಕೆ ಗುಣಮಟ್ಟ ಗೊತ್ತುಮಾಡಿದರು. ಸುಣ್ಣ, ಮೆಗ್ನೀಷಿಯಂ ಮತ್ತು ಪೊಟ್ಯಾಷಿನ ಅಂಶ ಸೇರಿ ನೂರಕ್ಕೆ ಒಂಬತ್ತಾದರೂ ಇರಬೇಕು, ಅದರಲ್ಲಿ ಪೊಟ್ಯಾಷ್ ಒಂದಾದರೂ ಇರಬೇಕು, ಬೆಣಚು ಇಪ್ಪತ್ತೈದನ್ನು ಮೀರಬಾರದು, ಸೀಸ, ಪಾದರಸ, ಪಾಷಾಣದಂಥ ವಿಷವಸ್ತುಗಳು ಇಂತಿಷ್ಟರೊಳಗೆ ಇರಬೇಕು. ಈ ಅಳತೆಗೋಲಿನಲ್ಲಿ ಹಿಡಿದರೆ ನಮ್ಮ ಹಳೆ ಮೈಸೂರು ಸೀಮೆಯ ಕ್ರಷರುಗಳ ಗ್ರಾನೈಟ್ ಪುಡಿ ಬಹಳ ಕಡೆ ಬೆಣಚಿನ ಕಾರಣಕ್ಕೇ ಸೋಲುತ್ತದೆ. ಬೆಣಚು ಅಂದರೆ ಗಾಜಿನಂಥದ್ದು. ಅದರಲ್ಲಿ ಗಿಡಕ್ಕೆ ತಿನ್ನುವಂಥದ್ದು ಏನೂ ಇಲ್ಲ. ಚಾಮರಾಜನಗರ, ಕನಕಪುರ ಕಡೆ ಕರಿಕಲ್ಲು ಎಂದು ತೆಗೆಯುತ್ತಾರಲ್ಲ, ಅದು ಗುಣದಲ್ಲಿ ಬಸಾಲ್ಟಿನ ಸೋದರ. ಪುಡಿಯೇ ಬೇಕೆಂದರೆ ಅದನ್ನು ಆರಿಸಬೇಕು. ಹಾಗೆಂದು ಕಲ್ಲು ಕೊಯ್ದು ಪಾಲಿಷ್ ಮಾಡುವ ಕಾರ್ಖಾನೆಯ ಹಿಂದಿನ ಗುಂಡಿಯ ಕೆಸರನ್ನು ಪುಕ್ಕಟೆ ಸಿಗುತ್ತದೆಂದು ಹೇರಿಕೊಂಡು ಬರಬೇಡಿ, ಅದರಲ್ಲಿ ಯಂತ್ರದ ಎಣ್ಣೆಯೂ ಉಜ್ಜುವ ಸಾಮಗ್ರಿಯೂ ಬೆರೆತಿರುತ್ತದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬ್ಯಾರಾಪುರದ ಕಡೆ ಕ್ರೋಮೈಟ್ ಸಿಗುವ ಕಲ್ಲುಗಳ ಪುಡಿಯೂ ಬೇಡ. ಕ್ರೋಮಿಯಂ, ನಿಕ್ಕಲ್ ಹೆಚ್ಚಿರುವ ಕಲ್ಲು ಅದು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಕಲ್ಲಿನ ಪುಡಿ ಮಣ್ಣಿನಲ್ಲಿ ಕರಗುವಾಗ ಗಾಳಿಯ ಇಂಗಾಲಾಮ್ಲವನ್ನು ಹಿಡಿದು ನೀರಿನ ಜೊತೆ ಕೆಳಗೆ ಒಯ್ಯುತ್ತದೆ. ಭೂಮಿ ಬಿಸಿಯಾಗುವುದನ್ನು ತಡೆಯಲು ಇದೊಂದು ಉಪಾಯವೆಂದು ದೊಡ್ಡ ಕಂಪನಿಗಳು ಇದಕ್ಕೆ ಹಣ ಕೊಡುತ್ತಿವೆ. ಭಾರತದ ಸಣ್ಣ ರೈತರ ಗದ್ದೆಗಳಿಗೆ ಬಸಾಲ್ಟ್ ಪುಡಿಯನ್ನು ಪುಕ್ಕಟೆಯಾಗಿ ಹಾಕಿಸುತ್ತಿರುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರ ಏಪ್ರಿಲಿನಲ್ಲಿ ಐದು ಕೋಟಿ ಡಾಲರಿನ ಅಂತರರಾಷ್ಟ್ರೀಯ ಬಹುಮಾನ ಬಂತು. ನಾಳೆ ಇಂಥವರು ನಮ್ಮ ಹೋಬಳಿಗೂ ಬರಬಹುದು. ಬಂದರೆ ಓಡಿಸಬೇಕಾದ್ದಿಲ್ಲ. ಕಲ್ಲು ಎಲ್ಲಿಯದು, ಅದರ ಪರೀಕ್ಷಾ ವರದಿ ಎಲ್ಲಿ, ನನ್ನ ಹೊಲದ ಮಣ್ಣನ್ನು ಹಾಕುವ ಮೊದಲೂ ಹಾಕಿದ ಮೇಲೂ ಪರೀಕ್ಷಿಸಿ ವರದಿಯನ್ನು ನನ್ನ ಕೈಗೂ ಕೊಡುತ್ತೀರಾ, ಇಂಗಾಲದ ಲೆಕ್ಕದಲ್ಲಿ ಬರುವ ಹಣದಲ್ಲಿ ನನ್ನ ಪಾಲೆಷ್ಟು ಎಂದು ಕೇಳಬೇಕು. ಹೊಲ ನಮ್ಮದಾದ ಮೇಲೆ ಕೇಳುವ ಹಕ್ಕೂ ನಮ್ಮದೇ.

ಕಲ್ಲಿನ ಕಥೆ ಇಷ್ಟಾಯಿತು. ಸಮುದ್ರದ ಕಥೆ ಇದಕ್ಕಿಂತ ಅಪಾಯದ್ದು, ಯಾಕೆಂದರೆ ಕಲ್ಲುಪುಡಿ ಹೆಚ್ಚೆಂದರೆ ನಮ್ಮ ಹಣ ತಿಂದೀತು, ಉಪ್ಪು ನೆಲವನ್ನೇ ತಿನ್ನುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ 35 ಗ್ರಾಂನಷ್ಟು ಲವಣ. ಅದರಲ್ಲಿ ಕ್ಲೋರಿನ್ 19 ಗ್ರಾಂ, ಸೋಡಿಯಂ ಹನ್ನೊಂದು ಗ್ರಾಂಗೆ ಸ್ವಲ್ಪ ಕಡಿಮೆ. ಅಂದರೆ ನೂರರಲ್ಲಿ ಎಂಬತ್ತೈದು ಪಾಲಿಗೂ ಹೆಚ್ಚು ನಾವು ಉಪ್ಪಿನಕಾಯಿಗೆ ಹಾಕುವ ಉಪ್ಪೇ. ಮೆಗ್ನೀಷಿಯಂ 1.3 ಗ್ರಾಂ ಇದೆ, ಸುಣ್ಣದ ಕ್ಯಾಲ್ಸಿಯಂ 0.4 ಗ್ರಾಂ, ಪೊಟ್ಯಾಸಿಯಂ 0.4 ಗ್ರಾಂ. ಈ ಲವಣದಿಂದ ಒಂದು ಕಿಲೋ ಪೊಟ್ಯಾಸಿಯಂ ಪಡೆಯಬೇಕಾದರೆ 87 ಕಿಲೋ ಉಪ್ಪನ್ನು ತೋಟಕ್ಕೆ ಸುರಿಯಬೇಕು. ಅದರ ಜೊತೆ 27 ಕಿಲೋ ಸೋಡಿಯಂ ಬುಡಕ್ಕೆ ಬಂದು ಕೂರುತ್ತದೆ.

ಇನ್ನು ಅವರು ಹೇಳುವ "ಎಪ್ಪತ್ತಕ್ಕೂ ಹೆಚ್ಚು ಖನಿಜ". ಇವೆ, ಸುಳ್ಳಲ್ಲ. ಎಷ್ಟಿವೆ ಎಂಬುದನ್ನು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಸತುವನ್ನೇ ತೆಗೆದುಕೊಳ್ಳಿ. ಸಮುದ್ರದ ನೀರಿನಲ್ಲಿ ಸತು ಎಷ್ಟು ವಿರಳವೆಂದರೆ ಒಂದೇ ಒಂದು ಗ್ರಾಂ ಸತುವಿಗೆ ಇಪ್ಪತ್ತು ಲಕ್ಷ ಲೀಟರ್ ನೀರು ಬೇಕಾದೀತು. ಅಷ್ಟು ನೀರನ್ನು ಇಂಗಿಸಿದರೆ ಉಳಿಯುವ ಉಪ್ಪು 70 ಟನ್. ಎಕರೆಗೆ ಹತ್ತು ಕಿಲೋ ಸತುವಿನ ಸಲ್ಫೇಟ್ ಎಂದು ಇಲಾಖೆಯವರು ಹೇಳುತ್ತಾರಲ್ಲ, ಅದರಲ್ಲಿ ಎರಡು ಕಿಲೋಗೂ ಹೆಚ್ಚು ಸತು ಇದೆ. ಇದನ್ನು ಸಮುದ್ರದಿಂದ ತರುವ ಲೆಕ್ಕವನ್ನು ನಾನು ಮಾಡಿಲ್ಲ, ನೀವು ಬೇಕಾದರೆ ಮಾಡಿಕೊಳ್ಳಿ.

ಉಪ್ಪಿನ ಆಗರದಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಗುಟ್ಟು ಗೊತ್ತು. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಂಥ ಕಡೆ ಬಿಸಿಲಿಗೆ ನೀರು ಇಂಗುವಾಗ ಹರಳುಗಟ್ಟುವುದು ಬಹುಪಾಲು ಅಡಿಗೆ ಉಪ್ಪು. ಮೆಗ್ನೀಷಿಯಂ, ಪೊಟ್ಯಾಸಿಯಂ ಮುಂತಾದವು ತಳದ ಕಹಿ ನೀರಿನಲ್ಲೇ ಉಳಿದುಬಿಡುತ್ತವೆ. ಆ ನೀರನ್ನು ಹೊರಗೆ ಬಿಡುತ್ತಾರೆ. ಹಾಗಾಗಿ ಹರಳಾಗಿ ಪೊಟ್ಟಣ ಸೇರಿದ್ದರಲ್ಲಿ ನಮಗೆ ಬೇಕಾದ್ದು ಇನ್ನೂ ಕಡಿಮೆ.

ಸೋಡಿಯಂ ಮಣ್ಣಿಗೆ ಮಾಡುವ ಕೇಡನ್ನು ತುಂಗಭದ್ರಾ, ಕೃಷ್ಣಾ ನೀರಾವರಿ ಪ್ರದೇಶದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ. ಮಳೆ ಬಿದ್ದರೆ ಮೇಲುಗಡೆ ರಾಡಿ, ಬಿಸಿಲು ಬಂದರೆ ಹೆಂಚಿನಂಥ ಹೆಪ್ಪು. ನೀರು ಕೆಳಗಿಳಿಯುವುದಿಲ್ಲ, ಬೇರು ಉಸಿರಾಡುವುದಿಲ್ಲ. ಅಂಥ ಸವಳು ನೆಲವನ್ನು ಸರಿಮಾಡಲು ಟನ್ನುಗಟ್ಟಲೆ ಜಿಪ್ಸಂ ಹಾಕಿ, ಬಸಿಗಾಲುವೆ ತೆಗೆದು, ಸಿಹಿನೀರು ನಿಲ್ಲಿಸಿ ವರ್ಷಗಟ್ಟಲೆ ತೊಳೆಯಬೇಕು. ಎರೆಭೂಮಿಯವರು, ಕೊಳವೆಬಾವಿಯ ಗಡಸು ನೀರನ್ನು ಹನಿ ನೀರಾವರಿಯಲ್ಲಿ ಕೊಡುವ ಬಯಲುಸೀಮೆಯವರು ಕಡಲ ಖನಿಜವೆಂಬ ಪೊಟ್ಟಣವನ್ನು ತೋಟದ ಬೇಲಿಯೊಳಗೆ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚನ್ನಗಿರಿಯ ಆ ತೋಟದಲ್ಲಿ ಆದದ್ದು ಇದೇ. ಕೊಟ್ಟ ಉಪ್ಪು ಇಳಿದುಹೋಗಲು ಅಲ್ಲಿ ಮಳೆ ಸಾಲದು.

ತೆಂಗಿನ ಮಾತು ಮಾತ್ರ ಬೇರೆ. ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು, ಬೂದಿ ಹಾಕುವುದು ಕರಾವಳಿಯ ಹಳೆಯ ರೂಢಿ. ಇದರಲ್ಲಿ ಹುರುಳಿದೆ. ತೆಂಗಿಗೆ ಕ್ಲೋರಿನ್ ಬೇಕು. ಫಿಲಿಪ್ಪೀನ್ಸ್ ದೇಶದ ಒಳನಾಡಿನಲ್ಲಿ ಸಮುದ್ರದ ಗಾಳಿ ತಾಗದ ತೆಂಗಿನ ತೋಟಗಳಲ್ಲಿ ಅದರ ಕೊರತೆ ಕಂಡುಬಂದು, ಅಡಿಗೆ ಉಪ್ಪನ್ನೇ ಗೊಬ್ಬರವಾಗಿ ಕೊಡುವ ಪದ್ಧತಿ ಬಂತು. ನಮ್ಮಲ್ಲಿಯೂ ಮುರಕಲ್ಲಿನ ಗಟ್ಟಿ ನೆಲದಲ್ಲಿ ಸಸಿ ನೆಡುವ ಮೊದಲೇ ಗುಂಡಿಗೆ ಎರಡು ಕಿಲೋ ಉಪ್ಪು ಹಾಕಿ ಬಿಟ್ಟರೆ ತಳದ ಕಲ್ಲು ಮೆತ್ತಗಾಗಿ ಬೇರು ಇಳಿಯಲು ಅನುಕೂಲವೆಂದು ತೆಂಗಿನ ತಜ್ಞರು ಹೇಳುತ್ತ ಬಂದಿದ್ದಾರೆ. ಅದಕ್ಕೆ ಅಂಗಡಿಯ ಕಲ್ಲುಪ್ಪು ಸಾಕು, ಬಣ್ಣದ ಪೊಟ್ಟಣ ಬೇಕಿಲ್ಲ. ತೆಂಗಿಗೆ ಸಂದದ್ದು ಅಡಿಕೆಗೂ ಬಾಳೆಗೂ ಸಲ್ಲುತ್ತದೆಂದು ತಿಳಿಯಬಾರದು. ಒಂದೇ ತೋಟದಲ್ಲಿ ಮೂರೂ ಇದ್ದರೆ ಇನ್ನಷ್ಟು ಎಚ್ಚರ ಬೇಕು.

ಕಡಲಿನಿಂದ ಸಾರ ಪಡೆಯುವುದನ್ನು ನಿಜವಾಗಿ ಬಲ್ಲವರು ಅಘನಾಶಿನಿ ದಂಡೆಯ ಕಗ್ಗ ಭತ್ತದ ರೈತರು. ಅವರ ಗಜನಿ ಗದ್ದೆಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುತ್ತದೆ. ಅದರ ಜೊತೆ ಹೊಳೆಯ ಮೆಕ್ಕಲು, ಮೀನು, ಸಿಗಡಿ ಬರುತ್ತವೆ. ಮಳೆಗಾಲ ಹಿಡಿದು ಹೊಳೆಯ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆಯೇ ಅವರು ಬಿತ್ತುವುದು. ಗೊಬ್ಬರ ಹಾಕುವುದಿಲ್ಲ, ಬೆಳೆ ಬರುತ್ತದೆ. ಮೆಕ್ಕಲನ್ನು ಇಟ್ಟುಕೊಂಡು ಉಪ್ಪನ್ನು ಹೊರಗೆ ಕಳಿಸುವ ಬೇಸಾಯ ಅದು. ಈಗ ಪೊಟ್ಟಣದವರು ಹೇಳುತ್ತಿರುವುದು ಮೆಕ್ಕಲಿಲ್ಲದ ಬರೀ ಉಪ್ಪನ್ನು ಒಳಗೆ ತರುವ ಬೇಸಾಯ. ಹಾಗೆಯೇ ದಕ್ಷಿಣ ಕನ್ನಡದವರು ಹಿಂದಿನಿಂದ ತೆಂಗು, ಅಡಿಕೆಗೆ ಮೀನಿನ ಗೊಬ್ಬರ ಹಾಕಿದವರು. ಸಮುದ್ರದಲ್ಲಿ ಹನಿಹನಿಯಾಗಿ ಚದುರಿದ್ದನ್ನು ಮೀನು ತಿಂದು ಒಟ್ಟುಮಾಡಿ ಕೊಡುತ್ತದೆ, ಉಪ್ಪನ್ನು ಸಮುದ್ರದಲ್ಲೇ ಬಿಟ್ಟು ಬರುತ್ತದೆ. ಕಡಲಕಳೆಯ ಸಾರದ ದ್ರಾವಣಗಳೂ ಈಗ ಸಿಗುತ್ತವೆ. ಅವು ಗಿಡದ ಚೈತನ್ಯಕ್ಕೆ ಸಿಂಪಡಿಸುವಂಥವೇ ಹೊರತು ಗೊಬ್ಬರಕ್ಕೆ ಬದಲಲ್ಲ.

ಈಗ ನಮ್ಮ ಹಿತ್ತಲಿಗೆ ಬರೋಣ. ಕಲ್ಲನ್ನು ಪುಡಿಮಾಡಿ ಮಣ್ಣಿಗೆ ಕೊಡುವುದು ನಮಗೆ ಹೊಸ ವಿದ್ಯೆಯೇ ಅಲ್ಲ. ಮೆತ್ತನೆಯ ಕಲ್ಲು ಯಾವುದು, ಗಟ್ಟಿ ಕಲ್ಲು ಯಾವುದು ಎಂಬ ವಿವೇಕ ಇದ್ದರೆ ಸಾಕು. ಸುಣ್ಣದ ಕಲ್ಲಿನ ಪುಡಿ, ಡಾಲೊಮೈಟ್, ಜಿಪ್ಸಂ, ರಾಕ್ ಫಾಸ್ಫೇಟ್, ಇವೆಲ್ಲ ಕಲ್ಲಿನ ಪುಡಿಗಳೇ. ಬಾಗಲಕೋಟೆ ಸೀಮೆಯಲ್ಲಿ ಡಾಲೊಮೈಟಿನ ದೊಡ್ಡ ನಿಕ್ಷೇಪಗಳಿವೆ. ನಮ್ಮ ಹುಳಿ ಮಣ್ಣಿಗೆ ಅದು ಸುಣ್ಣವನ್ನೂ ಮೆಗ್ನೀಷಿಯಮ್ಮನ್ನೂ ಒಟ್ಟಿಗೆ ಕೊಡುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ, ಅದೂ ಗ್ರಾನೈಟಿನಂತೆ ಮೊಮ್ಮಕ್ಕಳ ಕಾಲದವರೆಗೆ ಕಾಯಿಸದೆ. ಮಸ್ಸೂರಿಯ, ಉದಯಪುರದ ರಾಕ್ ಫಾಸ್ಫೇಟನ್ನು ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹತ್ತಾರು ವರ್ಷಗಳಿಂದ ಹಾಕಿ ಬಲ್ಲರು. ಹುಳಿ ಮಣ್ಣಿನಲ್ಲಿ ಅದು ತಾನಾಗಿ ಕರಗುತ್ತದೆ, ಎರೆಮಣ್ಣಿನಲ್ಲಿ ಕಲ್ಲಾಗಿಯೇ ಕೂತಿರುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಕೆರೆಗೋಡು. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ. ಗುಡ್ಡದ ಕಲ್ಲನ್ನು ಮಳೆ ಬಿಸಿಲುಗಳು ಸಾವಿರಾರು ವರ್ಷ ಬೀಸಿ, ಸೊಪ್ಪು ಸಗಣಿ ಬೆರೆಸಿ, ನುಣ್ಣನೆಯ ಭಾಗವನ್ನು ಮಾತ್ರ ಜರಡಿ ಹಿಡಿದು ಕೆರೆಯ ತಳದಲ್ಲಿ ಕೂಡಿಟ್ಟಿರುತ್ತವೆ. ಯಾವ ಕ್ರಷರಿಗೂ ಇಷ್ಟು ಸಣ್ಣಗೆ ಬೀಸಲು ಬರುವುದಿಲ್ಲ. ಒಂದು ಸೆಂಟಿಮೀಟರಿನ ಕಲ್ಲಿನ ತುಂಡನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸಣ್ಣ ಕಣಗಳಾಗಿ ಒಡೆದರೆ ನೀರು ತಾಗುವ ಮೈ ನೂರು ಪಟ್ಟು ಹೆಚ್ಚುತ್ತದೆ. ಗೋಡಿನ ಜೇಡಿಕಣ ಅದಕ್ಕಿಂತಲೂ ಎಷ್ಟೋ ಸಣ್ಣದು. ಬಯಲುಸೀಮೆಯ ಮರಳು ಮಿಶ್ರಿತ ಕೆಂಪು ಮಣ್ಣಿಗೆ ಗೋಡು ಬಿದ್ದರೆ ಹಾಕಿದ ಗೊಬ್ಬರವೂ ನಿಲ್ಲುತ್ತದೆ, ತೇವವೂ ನಿಲ್ಲುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಎತ್ತಿನ ಗಾಡಿ ಕಟ್ಟಿ ಸಾಲುಸಾಲಾಗಿ ಗೋಡು ಹೊಡೆಯುತ್ತಿದ್ದರು. ಕೆರೆಯ ಹೂಳೂ ಹೋಗುತ್ತಿತ್ತು. ಈಗ ಹೂಳು ತುಂಬಿದ ಕೆರೆಯ ದಂಡೆಯಲ್ಲೇ ನಿಂತು ಪೊಟ್ಟಣದ ಬೆಲೆ ವಿಚಾರಿಸುವ ಕಾಲ ಬಂದಿದೆ. ಮಲೆನಾಡಿನ ತೋಟಿಗರು ಮೂರು ನಾಲ್ಕು ವರ್ಷಕ್ಕೊಮ್ಮೆ ಧರೆ ಕಡಿದು ತೋಟಕ್ಕೆ ಹೊಸ ಮಣ್ಣು ಹಾಕಿಸುತ್ತಿದ್ದುದೂ ಇದೇ ಲೆಕ್ಕವೇ. ಕೂಲಿ ದುಬಾರಿಯಾಗಿ ಅದನ್ನೂ ಬಿಟ್ಟೆವು.

ಬಚ್ಚಲೊಲೆಯ ಬೂದಿಯನ್ನು ಮರೆಯಬಾರದು. ಮರದ ಬೇರು ಆಳಕ್ಕಿಳಿದು ಕಲ್ಲಿನಿಂದ ಕಿತ್ತು ತಂದ ಪೊಟ್ಯಾಷ್, ಸುಣ್ಣ ಬೂದಿಯಲ್ಲಿ ಕರಗುವ ರೂಪದಲ್ಲಿಯೇ ಇರುತ್ತವೆ. ಅದನ್ನು ಮಳೆಗೆ ತೊಳೆಯಲು ಬಿಟ್ಟು, ಕಲ್ಲಿನ ಪುಡಿಗೆ ದುಡ್ಡು ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ನಮ್ಮ ಮನೆಯೂ ಒಮ್ಮೆ ಅವುಗಳಲ್ಲಿ ಒಂದಾಗಿತ್ತು.

ಹೌದು, ನಾನೂ ಹಾಕಿ ನೋಡಿದ್ದೇನೆ. ಹತ್ತಿರದ ಕ್ರಷರಿನಿಂದ ಒಂದು ಟ್ರ್ಯಾಕ್ಟರ್ ಕಪ್ಪು ಕಲ್ಲಿನ ಪುಡಿ ತರಿಸಿ, ಗೊಬ್ಬರಗುಂಡಿಯಲ್ಲಿ ಸೊಪ್ಪು ಸಗಣಿಯ ಪದರಗಳ ನಡುವೆ ಹರಡಿ, ಒಂದು ಮಳೆಗಾಲ ಕೊಳೆಸಿ, ಹತ್ತು ಅಡಿಕೆ ಮರಕ್ಕೆ ಹಾಕಿದೆ. ಪಕ್ಕದ ಹತ್ತಕ್ಕೆ ಬರೀ ಗೊಬ್ಬರ, ಇನ್ನು ಹತ್ತಕ್ಕೆ ಗೊಬ್ಬರದ ಜೊತೆ ಡಾಲೊಮೈಟ್. ಮೂರು ವರ್ಷ ಕೊನೆ ಎಣಿಸಿದೆ. ಪುಡಿ ಹಾಕಿದ ಹತ್ತಕ್ಕೂ ಹಾಕದ ಹತ್ತಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಡಾಲೊಮೈಟ್ ಹಾಕಿದವುಗಳ ಸೋಗೆಯ ಹಳದಿ ಎರಡನೆಯ ವರ್ಷಕ್ಕೆ ಹೋಗಿತ್ತು. ಮೂವತ್ತು ಮರದ ಲೆಕ್ಕ ವಿಜ್ಞಾನವಲ್ಲ, ನಿಮ್ಮ ತೋಟದಲ್ಲಿ ಬೇರೆಯೇ ಆಗಬಹುದು. ಮಾಡುವುದಾದರೆ ಹೀಗೆ ಹತ್ತು ಮರಕ್ಕೆ ಮಾಡಿ, ಪಕ್ಕದ ಹತ್ತನ್ನು ಹಾಗೆಯೇ ಬಿಟ್ಟು ಎಣಿಸಿ. ತೋಟಕ್ಕೆಲ್ಲ ಒಮ್ಮೆಗೇ ಸುರಿಯಬೇಡಿ. ಪುಡಿಯನ್ನು ನೀರು ಚಿಮುಕಿಸಿ ಒದ್ದೆ ಮಾಡಿಯೇ ಹರಡಬೇಕು, ಮೂಗು ಬಾಯಿಗೆ ಬಟ್ಟೆ ಕಟ್ಟಬೇಕು. ಬೆಣಚಿನ ದೂಳು ಪುಪ್ಪುಸದೊಳಗೆ ಹೊಕ್ಕರೆ ವಾಸಿಯಾಗದ ರೋಗ ಬರುತ್ತದೆ. ಕಲ್ಲುಕ್ವಾರಿಯಲ್ಲಿ ದುಡಿದು ಉಬ್ಬಸಪಡುತ್ತಿರುವವರು ಅನೇಕ ಊರುಗಳಲ್ಲಿದ್ದಾರೆ. ಆಳುಗಳ ಕೈಗೆ ಬುಟ್ಟಿ ಕೊಟ್ಟು ನಾವು ಜಗಲಿಯಲ್ಲಿ ಕೂರುವ ಕೆಲಸವಲ್ಲ ಇದು.

ಎಲ್ಲಕ್ಕೂ ಮೊದಲು ನಮ್ಮ ಮಣ್ಣಿಗೆ ಏನು ಕಡಿಮೆ ಎಂಬುದು ಗೊತ್ತಾಗಬೇಡವೇ? 2009ರಲ್ಲಿ ಭೂಚೇತನ ಯೋಜನೆ ಆರಂಭವಾದಾಗ ಇಕ್ರಿಸ್ಯಾಟ್ ಸಂಸ್ಥೆಯವರು ಜಿಲ್ಲೆ ಜಿಲ್ಲೆಯ ಖುಷ್ಕಿ ಹೊಲಗಳ ಮಣ್ಣನ್ನು ಪರೀಕ್ಷಿಸಿದರು. ವ್ಯಾಪಕವಾಗಿ ಕಂಡ ಕೊರತೆ ಗಂಧಕ, ಸತು, ಬೋರಾನಿನದು. ಎಪ್ಪತ್ತು ಖನಿಜದ್ದಲ್ಲ, ಮೂರರದು. ಆ ಮೂರೂ ಜಿಪ್ಸಂ, ಸತುವಿನ ಸಲ್ಫೇಟ್, ಬೊರಾಕ್ಸಿನ ರೂಪದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವಂಥವು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹುಳಿ, ಲವಣಾಂಶ, ಸಾವಯವ ಇಂಗಾಲವೂ ಸೇರಿ ಹನ್ನೆರಡು ಅಂಶಗಳ ವಿವರ ಇರುತ್ತದೆ. ಅನೇಕರ ಮನೆಯಲ್ಲಿ ಅದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದು ಅಲ್ಲಿಯೇ ಇದೆ. ಇನ್ನೊಮ್ಮೆ ವ್ಯಾಪಾರಿ ಬಂದಾಗ ಅದನ್ನು ಹೊರತೆಗೆದು ಅವನ ಮುಂದಿಡಿ. ಇದರಲ್ಲಿ ಕಡಿಮೆ ಎಂದು ಬರೆದಿರುವ ಯಾವ ಅಂಶ ನಿನ್ನ ಪೊಟ್ಟಣದಲ್ಲಿ ಕಿಲೋಗೆ ಎಷ್ಟು ಗ್ರಾಂ ಇದೆ, ಅದರಲ್ಲಿ ಈ ವರ್ಷ ಕರಗುವುದೆಷ್ಟು, ಸೋಡಿಯಂ ಎಷ್ಟು ಎಂದು ಕೇಳಿ, ಉತ್ತರವನ್ನು ರಸೀತಿಯ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ನಮ್ಮೂರಿನಲ್ಲಿ ಹೋದ ವರ್ಷ ಹೀಗೆ ಕೇಳಿದಾಗ ಬಂದಿದ್ದವರು, ಕಚೇರಿಯಲ್ಲಿ ವಿಚಾರಿಸಿ ನಾಳೆ ಬರುತ್ತೇವೆ ಎಂದು ಹೋದರು.

ಚನ್ನಗಿರಿಯ ನೆಂಟರು ಈಗ ಊರ ಕೆರೆಯ ಗೋಡು ಹೊಡೆಸುವ ಯೋಚನೆಯಲ್ಲಿದ್ದಾರೆ. ಗೋಡನ್ನೂ ಪರೀಕ್ಷೆಗೆ ಕಳಿಸಿ ಎಂದಿದ್ದೇನೆ. ಕೆರೆಗೆ ಊರ ಚರಂಡಿ ಸೇರಿದ್ದರೆ, ಅಥವಾ ಅಚ್ಚುಕಟ್ಟಿನ ಸವಳು ನೀರು ಬಂದು ನಿಲ್ಲುತ್ತಿದ್ದರೆ ಆ ಗೋಡೂ ಬೇಡ. ಶಿವರಾತ್ರಿ ಕಳೆದು ಕೆರೆಯಂಗಳ ಒಣಗಿದ ಮೇಲೆ ನಾಲ್ಕು ಕಡೆಯಿಂದ ಒಂದೊಂದು ಬೊಗಸೆ ಗೋಡು ತೆಗೆದು, ನೆರಳಿನಲ್ಲಿ ಒಣಗಿಸಿ, ಬೆರೆಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟರೆ ಮಳೆಗಾಲ ಹಿಡಿಯುವ ಮೊದಲೇ ವರದಿ ಕೈ ಸೇರುತ್ತದೆ. ಗಾಡಿ ಗೊತ್ತುಮಾಡುವುದು ಆಮೇಲೆ.